ಎರಡನೆಯ ಈಡು

ಕೋರಮನೆ ಊರಿನಲ್ಲಿ ಬೇಟೆಗೆ ಹೋದವರು ಯಾರೂ ಕೋವಿಯಿಂದ ಜೋಡಿ ಈಡು ಹೊಡೆಯುವುದಿಲ್ಲ. ಹಂದಿ ಎದುರಿಗೇ ನುಗ್ಗಿ ಬಂದರೂ ಒಂದು ಈಡು ಹಾರಿಸಿ, ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು ಬಿಟ್ಟೇ ಎರಡನೆಯದು. ಅಷ್ಟರೊಳಗೆ ಹಂದಿ ಏನು ಮಾಡುತ್ತದೆ ಅನ್ನುವುದು ಹಂದಿಗೆ ಬಿಟ್ಟ ವಿಚಾರ. ಗಂಡು ಮಗು ಹುಟ್ಟಿದರೆ ಒಂದು ಈಡು. ಮನೆಯಲ್ಲಿ ಯಾರಾದರೂ ಸತ್ತರೆ ಒಂದರ ಬೆನ್ನಿಗೇ ಇನ್ನೊಂದು. ಎರಡು ಕೇಳಿಸಿತೆಂದರೆ ಕಾಫಿ ಕೊಯ್ಯುವವನು ಕುಕ್ಕೆಯನ್ನು ಗಿಡದ ಬುಡದಲ್ಲೇ ಇಟ್ಟು ಸದ್ದು ಬಂದ ದಿಕ್ಕಿಗೆ ಹೊರಡುತ್ತಾನೆ. ಕಾಗದ ಬರೆಯುವುದಿಲ್ಲ, ಆಳು ಕಳಿಸುವುದಿಲ್ಲ. ಆದರೂ ಮನೆಗೊಬ್ಬ ಗಂಡಸು ಬಂದೇ ಬರುತ್ತಾನೆ.

ದೇರಪ್ಪನ ಮನೆಯಲ್ಲಿ ಈ ಕಟ್ಟಳೆ ಇನ್ನೂ ಬಿಗಿ. ಅವನ ಕೋವಿ ಅಪ್ಪನ ಕಾಲದ್ದು, ಜೋಡು ನಳಿಗೆಯದು. ಅದರ ಎಡ ನಳಿಗೆಯ ಬಾಯಿಗೆ ಅವನ ಅವ್ವ ಪೊನ್ನಮ್ಮ ಚಿಂದಿ ತುರುಕಿ ಹನ್ನೆರಡು ವರ್ಷವಾಗಿತ್ತು. ದೇರಪ್ಪನ ತಮ್ಮ ಬೋಜಪ್ಪ ಪಟ್ಟಾಳಕ್ಕೆ ಸೇರಿ ಬರ್ಮಾಕ್ಕೆ ಹೋದವನು ಕಾಣೆಯಾಗಿದ್ದಾನೆ ಎಂದು ತಂತಿ ಬಂದ ದಿನ ಮಾಡಿದ ಕೆಲಸ ಅದು. ಸತ್ತಿದ್ದಾನೆ ಎಂದು ತಂತಿಯಲ್ಲಿ ಇರಲಿಲ್ಲ. ಊರಿನ ಹಿರಿಯ ಬೆಳ್ಳಿಯಪ್ಪ ಬಂದು ಮೆಲ್ಲನೆ, "ಎರಡು ಈಡು ಹೊಡೆದುಬಿಡಿ ಪೊನ್ನಕ್ಕ, ಆ ಜೀವಕ್ಕೂ ದಾರಿ ಆಗಲಿ" ಅಂದಿದ್ದ. ಪೊನ್ನಮ್ಮ ಗೋಡೆಯಿಂದ ಕೋವಿ ಇಳಿಸಿ, ಹಳೆಯ ಸೀರೆಯ ಅಂಚು ಹರಿದು, ಎಲ್ಲರ ಕಣ್ಣೆದುರಿಗೇ ನಳಿಗೆಗೆ ಜಡಿದಳು. "ಕಾಣೆಯಾದ ದನಕ್ಕೆ ಹುಡುಕ್ತಾರೆ ಬೆಳ್ಳಿಯಪ್ಪ, ಗುಂಡಿ ತೋಡುವುದಿಲ್ಲೆ."

ಅಂದಿನಿಂದ ಆ ಕೋವಿ ಒಂಟಿ ನಳಿಗೆಯದಾಯಿತು. ಬೋಜಪ್ಪನ ಹೆಂಡತಿ ದಮಯಂತಿಯೂ ಹಾಗೇ ಆದಳು. ಮದುವೆಯಾಗಿ ಎಂಟು ತಿಂಗಳು ಗಂಡನ ಜೊತೆ ಇದ್ದವಳು, ಹನ್ನೆರಡು ವರ್ಷ ಅವನ ಮನೆಯಲ್ಲಿ ಇದ್ದಳು. ಈ ಊರಿನ ಗೌಡರಲ್ಲಿ ವಿಧವೆಗೆ ಮರುಮದುವೆ ಇದೆ, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ವಿಧವೆ ಆಗಬೇಕಾದರೆ ಗಂಡ ಸಾಯಬೇಕು, ಗಂಡ ಸಾಯಬೇಕಾದರೆ ಊರಿಗೆ ಎರಡು ಈಡು ಕೇಳಬೇಕು. ಪಾಲಿಬೆಟ್ಟದ ಕಡೆ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಗುರುವಪ್ಪ, ಹೆಂಡತಿ ತೀರಿಕೊಂಡವನು, ದಮಯಂತಿಯ ತವರಿನವರ ಮೂಲಕ ಕೇಳಿಸಿದ್ದ. ಶಿವರಾತ್ರಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಕಡೆ ನೋಡುತ್ತೇನೆ ಎಂದೂ ಹೇಳಿಸಿದ್ದ. ದಮಯಂತಿಗೆ ಮೂವತ್ತು ತುಂಬಲು ಬಂದಿತ್ತು. ಇನ್ನೊಬ್ಬ ಕೇಳುವವನಿಲ್ಲ ಎಂದು ಅವಳಿಗೂ ಗೊತ್ತು, ಊರಿಗೂ ಗೊತ್ತು.

ಒಂದು ದಿನ ಕೊಟ್ಟಿಗೆಯಲ್ಲಿ ಅವಳು ದೇರಪ್ಪನನ್ನು ತಡೆದು ನಿಲ್ಲಿಸಿದಳು. "ಭಾವ, ನಾನು ಈ ಮನೆಯಲ್ಲಿ ಚಿನ್ನ ಕೇಳಿಲ್ಲೆ, ಗದ್ದೆ ಕೇಳಿಲ್ಲೆ. ಕೋವಿಗೆ ಎರಡು ತೋಟೆ ಕೇಳ್ತಿದ್ದೇನೆ. ನಿಮಗೆ ಕೈ ಬಾರದಿದ್ದರೆ ಕೋವಿ ನನಗೆ ಕೊಡಿ."

ದೇರಪ್ಪ ಸಗಣಿ ಬಾಚುತ್ತಾ ನಿಂತ. ಕಾಡಿನಲ್ಲಿ ಗಾಯಗೊಂಡ ಹಂದಿಯ ಹಿಂದೆ ಒಬ್ಬನೇ ಪೊದೆಗೆ ನುಗ್ಗಿದ ಗಂಡಸು ಅವನು. ಅವ್ವನ ಹತ್ತಿರ ಹೋಗಿ ಆ ಮಾತೆತ್ತುವ ಧೈರ್ಯ ಮಾತ್ರ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ.

ಶಿವರಾತ್ರಿಗೆ ಹದಿನೈದು ದಿನ ಇರುವಾಗ ಮಡಿಕೇರಿಯಿಂದ ಹರಿಹರ ಮಾಷ್ಟ್ರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ತಂದೆ ದೇವಸ್ಥಾನದ ಅರ್ಚಕರು. ಮಗನಿಗೆ ಮಾತ್ರ ಹಕ್ಕಿಯ ಹುಚ್ಚು. ಹೋದ ವರ್ಷವೂ ಬಂದು ದೇರಪ್ಪನ ಜೊತೆ ಕರಡಬಾಣೆ ಸುತ್ತಿದ್ದರು. ಕರಡಬಾಣೆ ಅಂದರೆ ಊರಿನ ಹಿಂದಿನ ಹುಲ್ಲುಗುಡ್ಡ. ಸೊಂಟದೆತ್ತರ ಕರಡ ಬಿಟ್ಟರೆ ಅಲ್ಲಿ ಮರ ಇಲ್ಲ, ತೋಟ ಇಲ್ಲ. ಗುಡ್ಡದ ಮಡಿಕೆಗಳಲ್ಲಿ ಮಾತ್ರ ಒಂದೊಂದು ತುಂಡು ಕಾಡು.

ಬೆಳಗ್ಗೆ ಹೊರಡುವಾಗಲೇ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಬಿಸಿಲು ಹುಲ್ಲಿನ ಮೇಲೆ ಬೀಳುವವರೆಗೆ ಬಾಣೆ ಮಾಷ್ಟ್ರದು, ಈಡು ಹೊಡೆಯುವಂತಿಲ್ಲ. ಬಿಸಿಲು ಬಿದ್ದ ಮೇಲೆ ದೇರಪ್ಪನದು, ಮಾಷ್ಟ್ರು ಮೂಗು ಮುರಿಯುವಂತಿಲ್ಲ.

ಏರು ಹತ್ತುತ್ತಾ ದೇರಪ್ಪ ಕೇಳಿದ, "ಅಲ್ಲ ಮಾಷ್ಟ್ರೇ, ನೀವು ಹಕ್ಕಿ ತಿನ್ನುವುದಿಲ್ಲ. ಸಾಕುವುದೂ ಇಲ್ಲ. ಬರೀ ನೋಡುವುದಕ್ಕೆ ಬಸ್ಸು ಹತ್ತಿ ಇಷ್ಟು ದೂರ ಬರುತ್ತೀರಿ."

"ನೀವು ದೇವಸ್ಥಾನಕ್ಕೆ ಹೋಗಿ ದೇವರನ್ನು ತಿನ್ನುತ್ತೀರಾ ಗೌಡ್ರೇ?"

"ಪ್ರಸಾದ ತಿನ್ನುತ್ತೇವಲ್ಲ."

"ನನಗೆ ಇದೇ ಪ್ರಸಾದ," ಎಂದು ಹರಿಹರ ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ತೋರಿಸಿದರು. ಕಂಡ ಹಕ್ಕಿಗಳ ಹೆಸರು, ದಿನ, ಹೊತ್ತು ಎಲ್ಲ ಅದರಲ್ಲಿತ್ತು. "ಅಗಲ ಬಾಲದ ಒಂದು ಕಂದು ಹಕ್ಕಿ ಮಾತ್ರ ಸಿಕ್ಕಿಲ್ಲ. ಕರಡದೊಳಗೇ ಹುಟ್ಟಿ ಕರಡದೊಳಗೇ ಸಾಯುತ್ತದೆ. ಹೊರಗೆ ಬರುವುದು ಅಪರೂಪ."

"ಅಷ್ಟೇನಾ? ಅದನ್ನು ಸುಟ್ಟರೆ ಒಂದು ಹಲ್ಲಿನ ಸಂದಿಗೂ ಸಾಲದು."

ಮೇಲೆ ತಲುಪಿದಾಗ ಮಂಜು ಇನ್ನೂ ಹುಲ್ಲಿನ ಬುಡದಲ್ಲಿತ್ತು. ಕರಡದ ತುದಿಗಳ ನಡುವೆ ಜೇಡ ನೇಯ್ದ ಬಲೆಗಳೆಲ್ಲ ಇಬ್ಬನಿ ಹಿಡಿದು ಬೆಳ್ಳಗೆ ಎದ್ದು ಕಾಣುತ್ತಿದ್ದವು. ಇಬ್ಬರೂ ಒಂದು ಬಂಡೆಯ ಮರೆಯಲ್ಲಿ ಕೂತರು. ಹರಿಹರ ದುರ್ಬೀನು ಕಣ್ಣಿಗೆ ಹಿಡಿದರೆ ಊಟ ನೀರು ಮರೆಯುವವರು. ಒಂದು ಗಿಡುಗ ಹುಲ್ಲನ್ನು ಸವರಿಕೊಂಡೇ ಹಾರಿಹೋಯಿತು. ಲಾವುಗೆಗಳ ಗುಂಪೊಂದು ಕಾಲಬುಡದಿಂದ ಬುರ್ರನೆ ಎದ್ದಿತು. ದೇರಪ್ಪನ ಕೈ ತಾನಾಗಿ ಕೋವಿಗೆ ಹೋಯಿತು. ಮಾಷ್ಟ್ರು ತಿರುಗಿಯೂ ನೋಡದೆ, "ಬಿಸಿಲು ಬಿದ್ದಿಲ್ಲ" ಅಂದರು.

ಸ್ವಲ್ಪ ಹೊತ್ತಿಗೆ ಅವರು ದೇರಪ್ಪನ ಮೊಣಕೈ ಹಿಡಿದರು. ಒಂದು ಕರಡದ ತುದಿ ಬಾಗಿತು. ಅದರ ಮೇಲೆ ಗುಬ್ಬಿಯಷ್ಟೇ ಇರುವ ಒಂದು ಕಂದು ಹಕ್ಕಿ ಕೂತು, ಬೀಸಣಿಗೆಯಂಥ ಬಾಲವನ್ನು ಒಮ್ಮೆ ಬಿಚ್ಚಿ ಮುಚ್ಚಿ, ಕೆಳಗೆ ಮುಳುಗಿತು. ಎಲ್ಲ ಸೇರಿ ಹತ್ತು ಎಣಿಸುವಷ್ಟು ಹೊತ್ತು. ಹರಿಹರ ಪುಸ್ತಕ ತೆಗೆದು ಬರೆಯತೊಡಗಿದರು. ಕೈ ನಡುಗುತ್ತಿತ್ತು. ದೇರಪ್ಪನಿಗೆ ನಗು ಬಂತು. ಮೊದಲ ಹಂದಿ ಹೊಡೆದ ದಿನ ತನ್ನ ಕೈಯೂ ಹೀಗೇ ನಡುಗಿತ್ತು.

ಮತ್ತೆ ದುರ್ಬೀನು ಎತ್ತಿದ ಮಾಷ್ಟ್ರು ಎದುರಿನ ದಿಣ್ಣೆಯ ಕಡೆ ತಿರುಗಿಸಿ ಹಾಗೇ ನಿಲ್ಲಿಸಿದರು. "ಗೌಡ್ರೇ, ಈ ಕಡೆ ಬೇರೆ ಯಾರೂ ಬರುವುದಿಲ್ಲ ಅಂದಿರಿ?"

"ಯಾರು ಬರ್ತಾರೆ ಇಲ್ಲಿಗೆ?"

"ಅಲ್ಲಿ ಒಬ್ಬ ನಿಂತಿದ್ದಾನಲ್ಲ. ಖಾಕಿ ಕೋಟು. ಕೈಯಲ್ಲಿ ಕೋವಿ ಇದೆ. ನಮ್ಮನ್ನೇ ನೋಡುತ್ತಿದ್ದಾನೆ."

ದೇರಪ್ಪ ದುರ್ಬೀನು ಇಸಿದುಕೊಂಡ. ಅದರಲ್ಲಿ ನೋಡಿ ಅಭ್ಯಾಸವಿಲ್ಲ. ದಿಣ್ಣೆ ಸಿಗಲು ಹೊತ್ತು ಹಿಡಿಯಿತು. ಸಿಕ್ಕಿದಾಗ ಅಲ್ಲಿ ಕರಡ ಬಿಟ್ಟು ಇನ್ನೇನೂ ಇರಲಿಲ್ಲ.

"ಯಾರೂ ಇಲ್ಲ."

"ಕೂತಿರಬೇಕು. ನಿಮ್ಮ ಹಾಗೇ ಬೇಟೆಗೆ ಬಂದವನು."

ಗಡಿಯಾಚೆಯಿಂದ ಕಳ್ಳಬೇಟೆಯವರು ಬರುವುದುಂಟು. ಆದರೆ ಅವರು ಕೋವಿ ಹಿಡಿದು ದಿಣ್ಣೆಯ ನೆತ್ತಿಯಲ್ಲಿ ನಿಲ್ಲುವವರಲ್ಲ. ದೇರಪ್ಪ ಇನ್ನೊಮ್ಮೆ ನೋಡಬೇಕು ಅಂದುಕೊಳ್ಳುವಷ್ಟರಲ್ಲಿ ಬಿಸಿಲು ಹುಲ್ಲಿನ ಮೇಲೆ ಬಿತ್ತು. ಕಾಡಿನ ಅಂಚಿನಿಂದ ಒಂದು ಕಾಡುಕೋಳಿ ಹುಂಜ ಬಯಲಿಗೆ ಬಂದು ಕತ್ತು ಎತ್ತಿತು. ಅವನು ಎದ್ದ, ಗುರಿ ಹಿಡಿದ, ಬಲ ನಳಿಗೆಯಿಂದ ಹೊಡೆದ. ಹುಂಜ ಒಮ್ಮೆ ನೆಗೆದು ಬಿತ್ತು.

ಆ ಸದ್ದು ಎದುರು ಗುಡ್ಡಕ್ಕೆ ಮುಟ್ಟುವ ಮೊದಲೇ ಇನ್ನೊಂದು ಈಡು ಕೇಳಿಸಿತು.

ದೇರಪ್ಪ ಕೋವಿ ನೋಡಿಕೊಂಡ. ಎಡ ನಳಿಗೆಯ ಬಾಯಲ್ಲಿ ಅವ್ವನ ಸೀರೆಯ ಚಿಂದಿ ಹಾಗೇ ಇತ್ತು.

"ಪ್ರತಿಧ್ವನಿ," ಅಂದರು ಮಾಷ್ಟ್ರು. "ಬೆಳಗಿನ ತಂಪು ಗಾಳಿಯಲ್ಲಿ ಸದ್ದು ಕೆಳಕ್ಕೆ ಬಾಗುತ್ತದೆ, ಅದಕ್ಕೇ ಅಷ್ಟು ಜೋರು."

ಇಪ್ಪತ್ತೈದು ವರ್ಷದಿಂದ ಈ ಬಾಣೆಯಲ್ಲಿ ಈಡು ಹೊಡೆದವನು ದೇರಪ್ಪ. ಇಲ್ಲಿಯ ಮಾರ್ದನಿ ತಡವಾಗಿ ಬರುತ್ತದೆ, ಮೂರು ಸಲ ಬರುತ್ತದೆ, ಬರುಬರುತ್ತಾ ಸವೆಯುತ್ತದೆ. ಅದೂ ಬಂತು, ಈಗ, ಮೂರು ಸಲ. ನಡುವೆ ಕೇಳಿಸಿದ್ದಕ್ಕೆ ತೂಕ ಇತ್ತು. ಅದು ಕೋವಿಯ ಬಾಯಿಂದಲೇ ಬಂದ ಸದ್ದು.

ಬೋಜಪ್ಪನಿಗೆ ಕಾಯುವುದೇ ಗೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಬಂದಾಗ ಅಣ್ಣ ಹೊಡೆದದ್ದೇ ತಡ, ತಾನೂ ಹೊಡೆಯುತ್ತಿದ್ದ. ಒಮ್ಮೆ ಹಾಗೆ ಹೊಡೆದಾಗ ಊರಿಗೆ ಊರೇ ಬಂದು ಅಂಗಳದಲ್ಲಿ ಸೇರಿತ್ತು. ಬದುಕಿ ಕೂತಿದ್ದ ಅಪ್ಪ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿ, ಆಮೇಲೆ ಮಗನ ಬೆನ್ನಿನ ಚರ್ಮ ಸುಲಿದಿದ್ದ.

ಸತ್ತ ಹುಂಜವನ್ನು ಅಲ್ಲೇ ಬಿಟ್ಟು ದೇರಪ್ಪ ದಿಣ್ಣೆಯ ಕಡೆ ನಡೆದ. ಮಾಷ್ಟ್ರು ಏದುಸಿರು ಬಿಡುತ್ತಾ ಹಿಂದೆ ಬಂದರು. ನೆತ್ತಿಗೆ ಬಂದು ನೋಡಿದರೆ ಕರಡ ಎಲ್ಲೂ ಬಾಗಿರಲಿಲ್ಲ. ಇಬ್ಬನಿ ಉದುರಿರಲಿಲ್ಲ. ಮಾಷ್ಟ್ರು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಸೊಂಟದ ಮಟ್ಟಕ್ಕೆ, ಜೇಡನ ಬಲೆಯೊಂದು ಒಂದು ಎಳೆಯೂ ಹರಿಯದೆ ಹರಡಿಕೊಂಡಿತ್ತು. ಮೈ ತಾಗಿದರೆ ಹರಿಯುವ ಬಲೆ. ಅವರಿಬ್ಬರು ಬಂದ ದಾರಿಯಲ್ಲಿ ಎಲ್ಲವೂ ಹರಿದಿದ್ದವು.

"ಯಾರದು?" ಎಂದು ದೇರಪ್ಪ ಕೂಗಿದ. ಮುಂದೆ ಒಂದು ಹೆಸರು ಬಾಯಿಗೆ ಬಂತು. ಅದನ್ನು ನುಂಗಿದ.

"ಜಾಗ ತಪ್ಪಿ ಹೇಳಿದೆನೇನೋ," ಅಂದರು ಹರಿಹರ. ಎರಡು ವರ್ಷ ಹುಡುಕಿದ ಹಕ್ಕಿಯ ಬಾಲದ ಗರಿ ಎಣಿಸಿ ಬರೆದ ಕಣ್ಣು ಅವರದು. ಜಾಗ ತಪ್ಪುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ದಿಣ್ಣೆಯಿಂದ ಊರು ಪೂರ್ತಿ ಕಾಣುತ್ತಿತ್ತು. ದೇರಪ್ಪನಿಗೆ ಆಗ ನೆನಪಾಯಿತು. ತಾವು ಕೇಳಿದ್ದನ್ನು ಊರೂ ಕೇಳಿದೆ. ನೋಡನೋಡುತ್ತ ತೋಟಗಳಿಂದ ಒಬ್ಬೊಬ್ಬರೇ ಹೊರಬಂದು ಗದ್ದೆಯ ಏರಿ ಹತ್ತಿದರು. ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಿದ್ದರು. ಬಾಣೆಯ ಬುಡದಲ್ಲಿರುವುದು ಒಂದೇ ಮನೆ.

"ಮಾಷ್ಟ್ರೇ, ನಮ್ಮ ಅಂಗಳ ನೋಡಿ. ಏನು ಕಾಣುತ್ತದೆ?"

ಹರಿಹರ ದುರ್ಬೀನು ಹಿಡಿದರು. "ಕಾಫಿ ಹರವಿದ್ದಾರೆ. ನಿಮ್ಮ ತಾಯಿ ಅದರ ನಡುವೆ ಕೂತುಬಿಟ್ಟಿದ್ದಾರೆ. ಜಗಲಿಯ ಕಂಬ ಹಿಡಿದು ಇನ್ನೊಬ್ಬರು ನಿಂತಿದ್ದಾರೆ. ನಿಮ್ಮ ತಮ್ಮನ ಹೆಂಡತಿ ಇರಬೇಕು. ಇತ್ತ ನೋಡುತ್ತಿದ್ದಾರೆ."

ಇಳಿದು ಹೋಗಿ ತಾನು ಹೊಡೆದದ್ದು ಒಂದೇ, ಕೋಳಿಗೆ, ಎಂದರೆ ಮುಗಿಯಿತು. ಎಲ್ಲರೂ ಕಾಫಿ ಕುಡಿದು, ನಗಾಡಿ, ತೋಟಕ್ಕೆ ಹಿಂತಿರುಗುತ್ತಾರೆ. ಅವ್ವ ಏಳುತ್ತಾಳೆ. ಶಿವರಾತ್ರಿ ಕಳೆಯುತ್ತದೆ. ಕಂಬ ಹಿಡಿದು ನಿಂತವಳು ಇನ್ನು ಸಾಯುವವರೆಗೆ ಅದೇ ಕಂಬ ಹಿಡಿದು ನಿಲ್ಲುತ್ತಾಳೆ.

ದೇರಪ್ಪ ನೆಲಕ್ಕೆ ಕೂತು ಚೂರಿಯ ತುದಿಯಿಂದ ಚಿಂದಿಯನ್ನು ಅಗೆದು ಎಳೆದ. ತುಕ್ಕು ಹಿಡಿದು ಅಂಟಿಕೊಂಡಿತ್ತು, ತುಂಡು ತುಂಡಾಗಿ ಬಂತು. ಎಲ್ಲವನ್ನೂ ಕರಡದೊಳಗೆ ಎಸೆದ.

"ಮಾಷ್ಟ್ರೇ, ನೀವು ಎಷ್ಟು ಈಡು ಕೇಳಿದಿರಿ?"

"ಒಂದು. ಇನ್ನೊಂದು ಪ್ರತಿಧ್ವ..."

"ಎಷ್ಟು?"

ಹರಿಹರ ದಿಣ್ಣೆಯ ಮೇಲಿನ ಬಲೆ ನೋಡಿದರು, ಕೆಳಗಿನ ಅಂಗಳ ನೋಡಿದರು. "ಎರಡು," ಅಂದರು.

ಅಂಗಳದ ಬೇಲಿಯ ತಡಮೆಯ ಹತ್ತಿರ ಬೆಳ್ಳಿಯಪ್ಪ ಕಾದು ನಿಂತಿದ್ದ. ಸಾವಿನ ಈಡು ಹೊಡೆದ ಕೋವಿಯನ್ನು ಹೊರಗಿನ ಒಬ್ಬ ಇಸಿದುಕೊಳ್ಳಬೇಕು, ಅದು ಪದ್ಧತಿ. ಮುದುಕ ಕೈ ಚಾಚಿದ. ದೇರಪ್ಪ ಕೊಟ್ಟ. ಬೆಳ್ಳಿಯಪ್ಪ ಕೋವಿ ಮಡಚಿ ಬಲ ನಳಿಗೆ ಮೂಸಿದ, ಎಡ ನಳಿಗೆ ಮೂಸಿದ. ಇನ್ನೊಮ್ಮೆ ಎಡದ್ದನ್ನೇ ಮೂಸಿದ. ನಳಿಗೆಯ ಬಾಯಲ್ಲಿ ಸೀರೆಯ ಒಂದು ನೂಲು ಉಳಿದಿತ್ತು. ಅದನ್ನು ಉಗುರಿನಿಂದ ಕಿತ್ತು ನೆಲಕ್ಕೆ ಬಿಟ್ಟು, ಮೇಲೆ ಕಾಲಿಟ್ಟ.

"ಎರಡು ನಳಿಗೆಯೂ ಬಿಸಿ ಉಟ್ಟು," ಎಂದು ಹಿಂದಿನವರಿಗೆ ಕೇಳುವಂತೆ ಹೇಳಿದ. ಆಮೇಲೆ ಗಂಟಲು ತಗ್ಗಿಸಿ, "ತಡ ಮಾಡಿದಿ ಮಗ. ಆದರೂ ಮಾಡಿದಿ," ಅಂದ.

ಜನ ಹರವಿದ ಕಾಫಿಯನ್ನು ತುಳಿದುಕೊಂಡೇ ನಿಂತಿದ್ದರು. ಪೊನ್ನಮ್ಮ ಅದರ ನಡುವೆ ಕಾಲು ಚಾಚಿ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಮಗನನ್ನು ಕಂಡು ಹತ್ತಿರ ಬಾ ಎಂದು ಕೈ ಮಾಡಿದಳು. ಅವನು ಕುಕ್ಕರಗಾಲಲ್ಲಿ ಕೂತ.

"ಎಷ್ಟು ಹೊಡೆದಿ?"

"ಎರಡು, ಅವ್ವ."

"ಮೊದಲ್ನೇದು ನೀನು. ನಮ್ಮ ಕೋವಿ ಕೆಮ್ಮುವುದು ನಂಗೆ ಗೊತ್ತುಟ್ಟು. ಈ ಮನೆಗೆ ಬಂದ ದಿನದಿಂದ ಕೇಳಿದ್ದೇನೆ. ಎರಡನೇದು ನಿಂದಲ್ಲ."

"ನಂದೇ ಅವ್ವ. ಎಡ ನಳಿಗೆ..."

"ಸುಮ್ಮನಿರು. ಅಷ್ಟು ಗುಂಡಿಗೆ ನಿನಗೆ ಇದ್ದಿದ್ದರೆ ಹತ್ತು ವರ್ಷದ ಹಿಂದೆಯೇ ಹೊಡೀತಿದ್ದಿ." ಅವಳು ಮಾತು ತಗ್ಗಿಸಿದಳು. "ನೀನು ಹೊಡೆದಿದ್ದರೆ ನಾನು ಒಪ್ಪುತ್ತಿರಲಿಲ್ಲೆ. ಇವರನ್ನೆಲ್ಲ ಹಿಡಿಸೂಡಿಯಲ್ಲಿ ಬಡಿದು ಓಡಿಸ್ತಿದ್ದೆ, ನಿನ್ನನ್ನೂ ಸೇರಿಸಿ. ಅವನೇ ಬಂದು ಹೇಳಿದ ಮೇಲೆ ಇನ್ನೆಂಥ? ಹೇಗಿದ್ದ? ಸೊರಗಿದ್ನಾ?"

ದೇರಪ್ಪ ಸುತ್ತ ನೋಡಿದ. ತಡಮೆಯ ಆಚೆ ಹರಿಹರ ಮಾಷ್ಟ್ರು ಒಳಗೆ ಬರಲೂ ಆಗದೆ ಹೋಗಲೂ ಆಗದೆ ನಿಂತಿದ್ದರು. ಜಗಲಿಯಲ್ಲಿ ದಮಯಂತಿ ಅವನ ತುಟಿಯನ್ನೇ ನೋಡುತ್ತಿದ್ದಳು.

"ಇಲ್ಲೆ ಅವ್ವ. ಚೆನ್ನಾಗಿದ್ದ," ಅಂದ ದೇರಪ್ಪ. "ಖಾಕಿ ಕೋಟು ಹಾಕಿದ್ದ."

ತಾನು ಕಾಣದ್ದನ್ನು ಕಂಡಂತೆ ಹೇಳಿದ್ದು ಅವನ ಕಿವಿಗೇ ಕೇಳಿಸಿತು. ಅದು ಸುಳ್ಳು ಎಂದು ಅವನು ತನ್ನೊಳಗೇ ಹೇಳಿಕೊಳ್ಳಲು ನೋಡಿದ. ಆಗಲಿಲ್ಲ. ಪೊನ್ನಮ್ಮ ತಲೆ ಆಡಿಸಿದಳು, ಹಾಗೇ ಇದ್ದಾನು ಅನ್ನುವಂತೆ. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅವಳು ಅತ್ತ ಮೇಲೆ ಊರಿನ ಹೆಂಗಸರೂ ಅತ್ತರು.

ಹೆಣವಿಲ್ಲದ ಸಾವು ಊರಿಗೆ ಹೊಸದಲ್ಲ. ಹುಲ್ಲು ತಂದು ಆಳುದ್ದದ ಬೊಂಬೆ ಕಟ್ಟಿದರು. ಬೋಜಪ್ಪ ಮದುವೆಯಲ್ಲಿ ತೊಟ್ಟಿದ್ದ ಕೋಟನ್ನು ಪೆಟ್ಟಿಗೆಯಿಂದ ದಮಯಂತಿಯೇ ತೆಗೆದುಕೊಟ್ಟಳು. ಹುಲ್ಲಿನ ಕೈಗೆ ತೋಳು ತೊಡಿಸುವಾಗ ದೇರಪ್ಪನ ಹತ್ತಿರ ಬಂದಳು.

"ಭಾವ, ನೀವೇ ಹೊಡೆದದ್ದಾ?"

"ಹೂಂ."

"ಎರಡೂ?"

ಅವನು ಗುಂಡಿ ಹಾಕತೊಡಗಿದ. ಗುಂಡಿ ತೂತಿಗೆ ಹೋಗಲಿಲ್ಲ. ದಮಯಂತಿ ಅವನ ಕೈ ಸರಿಸಿ ತಾನೇ ಹಾಕಿದಳು. "ಬೇಡ, ಹೇಳಬೇಡಿ. ನಂಗೆ ಬೇಕಾದ್ದು ಎರಡು. ಲೆಕ್ಕ ಸರಿ ಉಟ್ಟು."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೊಂಬೆಯನ್ನು ತೋಟದ ಕೆಳಗಿನ ಸುಡುಗಾಡಿಗೆ ಒಯ್ದರು. ಬೆಂಕಿ ಕೊಡುವ ಮುಂಚೆ ಮನೆಯವರು ಮತ್ತೆ ಎರಡು ಈಡು ಹೊಡೆಯಬೇಕು. ಬೆಳ್ಳಿಯಪ್ಪ ಕೋವಿಯನ್ನೂ ಎರಡು ತೋಟೆಯನ್ನೂ ದೇರಪ್ಪನ ಕೈಗಿಟ್ಟ. ದೇರಪ್ಪ ಎರಡೂ ನಳಿಗೆ ತುಂಬಿದ. ಆಕಾಶಕ್ಕೆ ಎತ್ತಿ ಬಲ ನಳಿಗೆ ಹೊಡೆದ.

ಹೊಡೆದು ನಿಂತ.

ಬೆರಳು ಎಡ ನಳಿಗೆಯ ಕುದುರೆಯ ಮೇಲೇ ಇತ್ತು. ಅದು ಅಲ್ಲಾಡಲಿಲ್ಲ. ಮಾರ್ದನಿ ಒಂದು ಬಂತು, ಎರಡು ಬಂತು, ಮೂರನೆಯದು ಸವೆದು ಹೋಯಿತು. ಒಬ್ಬನ ನಂತರ ಒಬ್ಬನಾಗಿ ಎಲ್ಲರೂ ತಲೆ ಎತ್ತಿ ಕರಡಬಾಣೆಯ ಕಡೆ ನೋಡಿದರು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಮೇಲೆ ಬಿಸಿಲಿಗೆ ಕರಡ ಹಳದಿಯಾಗಿ ಒಂದೇ ಕಡೆಗೆ ಬಾಗಿತ್ತು. ಅಷ್ಟೇ. ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು ಕಳೆಯಿತು, ಇನ್ನೂ ಸ್ವಲ್ಪ ಕಳೆಯಿತು.

"ಯಾರಿಗೆ ಕಾಯ್ತಿದ್ದಿ?" ಪೊನ್ನಮ್ಮ ಕೇಳಿದಳು. "ಅವನ ಪಾಲಿಂದು ಅವನು ಹೊಡೆದಾತ್. ಇದು ನಿಂದು. ಹೊಡಿ."

ದೇರಪ್ಪ ಹೊಡೆದ. ಹನ್ನೆರಡು ವರ್ಷ ಮುಚ್ಚಿದ್ದ ನಳಿಗೆ ಭುಜವನ್ನು ಒದ್ದಿತು. ಹೊಗೆ ಚದುರುವ ಮೊದಲೇ ದಮಯಂತಿ ಬಳೆ ತೆಗೆಯತೊಡಗಿದ್ದಳು, ಯಾರೂ ಹೇಳುವವರೆಗೆ ಕಾಯಲಿಲ್ಲ. ಬೆಂಕಿ ಹುಲ್ಲಿಗೆ ಹಿಡಿಯಿತು. ಜನ ಹಿಂದೆ ಸರಿದರು. ದೇರಪ್ಪ ಮಾತ್ರ ಕೋವಿ ಇಳಿಸದೆ, ಗುಡ್ಡದ ಕಡೆಗೆ ಕಿವಿ ಕೊಟ್ಟು, ಬೆಳ್ಳಿಯಪ್ಪ ಬಂದು ಕೈಯಿಂದ ಕೋವಿ ಬಿಡಿಸಿಕೊಳ್ಳುವವರೆಗೂ ಹಾಗೇ ನಿಂತಿದ್ದ.